ಮರ ಏರಿದ ಕಾಂಗರೂ

ಕಾಂಗರೂ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಆಸ್ಟ್ರೇಲಿಯಾದ ಒಣ ಬಯಲು. ಆ ಬಯಲಿನಲ್ಲಿ ಹಿಂಗಾಲುಗಳ ಮೇಲೆ ನೆಗೆಯುತ್ತ ಓಡುವ ಆಳೆತ್ತರದ ಪ್ರಾಣಿ. ಆದರೆ ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಮಳೆಕಾಡಿನಲ್ಲಿ ಕಾಂಗರೂವನ್ನು ಕಾಣಬೇಕಾದರೆ ತಲೆ ಎತ್ತಿ ಮರದ ತುದಿಯತ್ತ ನೋಡಬೇಕು. ಪಾಚಿ ಕಟ್ಟಿದ ಕೊಂಬೆಯ ಮೇಲೆ, ಉದ್ದನೆಯ ಬಾಲವನ್ನು ಕೆಳಗೆ ಇಳಿಬಿಟ್ಟು, ಎಲೆ ಮೆಲ್ಲುತ್ತ ಅದು ಕುಳಿತಿರುತ್ತದೆ. ಅದೇ ಮರ ಕಾಂಗರೂ.

ಈ ಪಂಗಡದಲ್ಲಿ ಹದಿನಾಲ್ಕರ ಆಸುಪಾಸು ಪ್ರಭೇದಗಳಿವೆ. ಎರಡು ಪ್ರಭೇದಗಳು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿವೆ, ಉಳಿದವು ನ್ಯೂಗಿನಿಯವು. ಪಂಗಡದ ವೈಜ್ಞಾನಿಕ ಹೆಸರು ‘ಡೆಂಡ್ರೊಲಾಗಸ್’. ಗ್ರೀಕ್ ಮೂಲದ ಈ ಪದಕ್ಕೆ ‘ಮರದ ಮೊಲ’ ಎಂದರ್ಥ. ಇವುಗಳ ಪೈಕಿ ವಿಜ್ಞಾನಿಗಳ ಗಮನವನ್ನು ಹೆಚ್ಚಾಗಿ ಸೆಳೆದಿರುವುದು ‘ಮಾಟ್ಶಿ ಮರ ಕಾಂಗರೂ’. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪೌಲ್ ಮಾಟ್ಶಿ ಅವರ ಹೆಸರನ್ನು 1907ರಲ್ಲಿ ಇದಕ್ಕೆ ಇಡಲಾಯಿತು. ಪಾಪುವಾ ನ್ಯೂಗಿನಿಯ ಹ್ಯುವಾನ್ ಪರ್ಯಾಯ ದ್ವೀಪದಲ್ಲಿ, 1,000ದಿಂದ 3,000 ಮೀಟರ್ ಎತ್ತರದ ಮೋಡ ಮುಸುಕಿದ ಬೆಟ್ಟಗಳೇ ಇದರ ಮನೆ. ಬೆನ್ನು ಕೆಂಗಂದು, ಹೊಟ್ಟೆ, ಪಾದ, ಬಾಲ ಹಳದಿ. ನೋಡಿದರೆ ಮಕ್ಕಳ ಆಟಿಕೆಯ ಕರಡಿಯ ನೆನಪಾಗುತ್ತದೆ.

ಪುಸ್ತಕಗಳಲ್ಲಿ ಇದರ ವಿವರ ಮೂರು ಅಂಕಿಗಳಲ್ಲಿ ಮುಗಿದುಹೋಗುತ್ತದೆ. ತೂಕ 7ರಿಂದ 10 ಕಿಲೋಗ್ರಾಂ. ತಲೆಯಿಂದ ಬಾಲದ ಬುಡದವರೆಗೆ ಉದ್ದ 50ರಿಂದ 80 ಸೆಂಟಿಮೀಟರ್. ಬಾಲವೂ ಹೆಚ್ಚುಕಡಿಮೆ ಅಷ್ಟೇ. ಆಯುಷ್ಯ 15ರಿಂದ 20 ವರ್ಷ. ಪರೀಕ್ಷೆಗೆಂದು ಉರು ಹೊಡೆದು ಮರುದಿನ ಮರೆತುಬಿಡುವಂಥ ಅಂಕಿಗಳು! ಆದರೆ ಒಂದೊಂದನ್ನೂ ಬಿಡಿಸಿ ನೋಡಿದರೆ ಆ ಪ್ರಾಣಿಯ ಬದುಕು ಎಂಥದು, ಅದಕ್ಕೆ ಬಂದಿರುವ ಆಪತ್ತು ಏನು ಎಂಬುದೆಲ್ಲ ತಿಳಿಯುತ್ತದೆ.

ತೂಕದ ಲೆಕ್ಕ

ಗಂಡು ಕೆಂಪು ಕಾಂಗರೂ 85 ಕಿಲೋವರೆಗೂ ತೂಗಬಲ್ಲದು. ಅದರೆದುರು ಮರ ಕಾಂಗರೂ ಒಂದು ಸಣ್ಣ ಅಕ್ಕಿ ಚೀಲದಷ್ಟು ಮಾತ್ರ. ಏಕೆ ಹೀಗೆ? ಮರದ ಮೇಲೆ ಬದುಕುವ ಪ್ರಾಣಿ ತೀರ ಭಾರವಾದರೆ ಕೊಂಬೆ ತಾಳುವುದಿಲ್ಲ. ಹಾಗೆಂದು ಎಲೆಯನ್ನೇ ನಂಬಿದ ಪ್ರಾಣಿ ತೀರ ಚಿಕ್ಕದಾಗುವಂತೆಯೂ ಇಲ್ಲ. ಎಲೆಯಲ್ಲಿ ಸತ್ವ ಕಡಿಮೆ, ನಾರು ಹೆಚ್ಚು. ಅದನ್ನು ಅರಗಿಸಲು ದೊಡ್ಡ ಹೊಟ್ಟೆ ಬೇಕು, ಸಮಯವೂ ಬೇಕು. ಹಸುವಿನ ಹೊಟ್ಟೆಯಲ್ಲಿರುವಂತೆ ಕಾಂಗರೂವಿನ ಜಠರದಲ್ಲೂ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ನಾರನ್ನು ಹುದುಗು ಬರಿಸಿ ಒಡೆಯುವ ಕೆಲಸವನ್ನು ಅವು ಮಾಡುತ್ತವೆ. ಹೊಟ್ಟೆ ದೊಡ್ಡದಿರಬೇಕು, ಮೈ ಹಗುರವಿರಬೇಕು. ಇವೆರಡರ ನಡುವಿನ ಒಪ್ಪಂದವೇ ಈ 7–10 ಕಿಲೋ.

ಮರದ ಮೇಲೆ ಎಲೆ ತಿಂದು ಬದುಕುವ ಬೇರೆ ಪ್ರಾಣಿಗಳನ್ನು ತಕ್ಕಡಿಗೆ ಹಾಕಿದರೆ ಈ ಮಾತು ಖಚಿತವಾಗುತ್ತದೆ. ಆಸ್ಟ್ರೇಲಿಯಾದ ಕೋಲಾ 4ರಿಂದ 15 ಕಿಲೋ ತೂಗುತ್ತದೆ. ದಕ್ಷಿಣ ಅಮೆರಿಕದ ಎರಡು ಬೆರಳಿನ ಸ್ಲಾತ್ 4ರಿಂದ 8 ಕಿಲೋ. ಒಂದಕ್ಕೊಂದು ಹತ್ತಿರದ ನೆಂಟಸ್ತಿಕೆ ಇಲ್ಲ. ಆದರೂ ಬದುಕುವ ರೀತಿ ಒಂದೇ ಆದ್ದರಿಂದ ತೂಕವೂ ಸರಿಸುಮಾರು ಒಂದೇ. ನ್ಯೂಗಿನಿಯ ಕಾಡುಗಳಲ್ಲಿ ಕೋತಿಗಳಿಲ್ಲ. ಬೇರೆ ನಾಡುಗಳಲ್ಲಿ ಮುಸುವಗಳು ತುಂಬುವ ಸ್ಥಾನವನ್ನು ಅಲ್ಲಿ ಮರ ಕಾಂಗರೂ ತುಂಬಿದೆ.

ಮೈಕಟ್ಟಿನ ಮಾರ್ಪಾಟು

ಮರ ಕಾಂಗರೂವಿನ ವಂಶದ ಕಥೆ ವಿಚಿತ್ರವಾದುದು. ಬಹು ಹಿಂದಿನ ಪೂರ್ವಜರು ಮರದ ಮೇಲಿದ್ದವು. ಅವುಗಳ ಪೀಳಿಗೆ ನೆಲಕ್ಕಿಳಿದು ನೆಗೆಯುವ ಕಾಂಗರೂಗಳಾದವು. ಲಕ್ಷಾಂತರ ವರ್ಷಗಳ ಬಳಿಕ ಅವುಗಳಲ್ಲೇ ಒಂದು ಕವಲು ಮತ್ತೆ ಮರ ಹತ್ತಿತು. ಇಂದಿಗೂ ಇದರ ಅತಿ ಸಮೀಪದ ಬಂಧು ಆಸ್ಟ್ರೇಲಿಯಾದ ಬಂಡೆಗಳ ನಡುವೆ ವಾಸಿಸುವ ಬಂಡೆ ವಾಲಬಿ.

ಮರಕ್ಕೆ ಮರಳಿದ ಮೇಲೆ ಮೈಕಟ್ಟೂ ಬದಲಾಯಿತು. ಹಿಂಪಾದ ಗಿಡ್ಡವಾಗಿ ಅಗಲವಾಯಿತು. ಮುಂಗಾಲು ಬಲಿಷ್ಠವಾಯಿತು. ಉಗುರು ಬಾಗಿತು; ಅಂಗಾಲು ಜಾರದಂತೆ ಒರಟಾಯಿತು. ನೆಲದ ಕಾಂಗರೂ ನೆಗೆಯುವಾಗ ಎರಡೂ ಹಿಂಗಾಲುಗಳನ್ನು ಒಟ್ಟಿಗೆ ಊರುತ್ತದೆ. ಮರ ಕಾಂಗರೂ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಕೊಂಬೆಯ ಮೇಲೆ ನಡೆಯಬಲ್ಲದು. ಬಾಲ ಕೊಂಬೆಗೆ ಸುತ್ತಿಕೊಳ್ಳುವುದಿಲ್ಲ. ಹಗ್ಗದ ಮೇಲೆ ನಡೆಯುವವರ ಕೈಯಲ್ಲಿನ ಗಳದಂತೆ ಮೈ ವಾಲದಂತೆ ನೋಡಿಕೊಳ್ಳುತ್ತದೆ. ಹೆದರಿದಾಗ 9 ಮೀಟರ್ ಕೆಳಗಿನ ಕೊಂಬೆಗೂ ಹಾರುತ್ತದೆ. ಅದಕ್ಕಿಂತ ಎತ್ತರದಿಂದ ನೆಲಕ್ಕೆ ಧುಮುಕಿ, ಏನೂ ಆಗದಂತೆ ಎದ್ದು ಹೋಗುವುದೂ ಉಂಟು. ಬೆನ್ನಿನ ಮೇಲಿನ ಕೂದಲಿನ ಸುಳಿಗೂ ಒಂದು ಉಪಯೋಗವಿದೆ. ತಲೆ ತಗ್ಗಿಸಿ ಕುಳಿತಾಗ ಮಳೆನೀರು ಅಲ್ಲಿಂದ ಎರಡೂ ಕಡೆಗೆ ಹರಿದುಹೋಗುತ್ತದೆ.

ಆಯುಷ್ಯ ಹೆಚ್ಚು, ಮರಿ ಕಡಿಮೆ

ಮೂರನೆಯ ಅಂಕಿಯಾದ ಆಯುಷ್ಯ ದೊರೆತಿರುವುದು ಮುಖ್ಯವಾಗಿ ಮೃಗಾಲಯಗಳ ದಾಖಲೆ ಪುಸ್ತಕಗಳಿಂದ. ಅಲ್ಲಿ ಕೆಲವು 20 ವರ್ಷವನ್ನೂ ದಾಟಿವೆ. ಇಷ್ಟು ದೀರ್ಘಾಯುವಾದ ಪ್ರಾಣಿಗೆ ಏನು ಭಯ ಎನಿಸಬಹುದು. ಭಯವಿರುವುದು ಇಲ್ಲಿಯೇ.

ತಾಯಿ ಸುಮಾರು 44 ದಿನ ಗರ್ಭ ಧರಿಸಿ ಒಂದೇ ಒಂದು ಮರಿ ಹಾಕುತ್ತದೆ. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಇದು ಬಹಳ ದೀರ್ಘವಾದ ಗರ್ಭಾವಧಿ. ಹುಟ್ಟಿದಾಗ ಮರಿ ಒಂದು ದಪ್ಪ ಅವರೆಕಾಳಿನಷ್ಟು. ಕಣ್ಣಿಲ್ಲದ, ಕೂದಲಿಲ್ಲದ ಆ ಜೀವ ತಾನಾಗಿಯೇ ತೆವಳಿ ತಾಯಿಯ ಚೀಲ ಸೇರಿ ಮೊಲೆತೊಟ್ಟನ್ನು ಕಚ್ಚಿಕೊಳ್ಳುತ್ತದೆ. ಚೀಲ ಬಿಟ್ಟು ಪೂರ್ತಿ ಹೊರಬರಲು ಸುಮಾರು ಹತ್ತು ತಿಂಗಳು ಬೇಕು. ಹೊರಬಂದ ಮೇಲೂ ಕೆಲವು ತಿಂಗಳು ಹಾಲಿಗಾಗಿ ಚೀಲದೊಳಗೆ ತಲೆ ತೂರಿಸುತ್ತಲೇ ಇರುತ್ತದೆ. ಹೆಸರಿಗೇನೋ ‘ಮರದ ಮೊಲ’. ಆದರೆ ಮೊಲದಂತೆ ವರ್ಷಕ್ಕೆ ಹಲವು ಮರಿ ಹಾಕುವ ಶಕ್ತಿ ಇದಕ್ಕಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆದರೂ ಒಂದು ಹೆಣ್ಣು ಬದುಕಿಡೀ ಬೆಳೆಸುವ ಮರಿಗಳನ್ನು ಎರಡು ಕೈಬೆರಳುಗಳಲ್ಲಿ ಎಣಿಸಿ ಮುಗಿಸಬಹುದು.

ಒಂದೊಂದು ಮರಿಯೂ ಎಷ್ಟು ಅಮೂಲ್ಯ ಎಂಬುದಕ್ಕೆ 2014ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಮೃಗಾಲಯದಲ್ಲಿ ನಡೆದ ಘಟನೆ ಸಾಕ್ಷಿ. ಇದೇ ಪಂಗಡದ ಗುಡ್‌ಫೆಲೋ ಮರ ಕಾಂಗರೂವೊಂದು ಕೊಂಬೆ ಬಿದ್ದು ಸತ್ತಿತು. ಚೀಲದಲ್ಲಿ ಐದು ವಾರದ ಮರಿಯಿತ್ತು. ಸಿಬ್ಬಂದಿ ಅದನ್ನು ಬಂಡೆ ವಾಲಬಿಯೊಂದರ ಚೀಲದೊಳಗೆ ಇರಿಸಿದರು. ನೆಂಟರ ಮನೆಯ ಹಾಲು ಕುಡಿದು ಮರಿ ಬದುಕಿತು.

ಬೇಟೆ ಬಿಟ್ಟ ಹಳ್ಳಿಗಳು

ಕಾಡಿನಲ್ಲಿ ಅಂಥ ಆಸರೆ ಸಿಗುವುದಿಲ್ಲ. ಹ್ಯುವಾನ್ ಬೆಟ್ಟಗಳ ಜನ ತಲೆಮಾರುಗಳಿಂದ ಮಾಂಸಕ್ಕಾಗಿ, ಹಬ್ಬದ ಉಡುಪಿನ ತುಪ್ಪಳಕ್ಕಾಗಿ ಮರ ಕಾಂಗರೂವನ್ನು ಬೇಟೆಯಾಡುತ್ತ ಬಂದವರು. ಒಂದು ಹೆಣ್ಣನ್ನು ಕೊಂದರೆ ಚೀಲದಲ್ಲಿನ ಮರಿಯೂ ಹೋಯಿತು; ಆ ನಷ್ಟ ತುಂಬಲು ವರ್ಷಗಳೇ ಬೇಕು. ಬೇಟೆಯ ಜೊತೆಗೆ ಕಾಡೂ ಕರಗಿದ್ದರಿಂದ ಇಂದು ಈ ಪ್ರಭೇದ ಅಳಿವಿನಂಚಿನ ಪಟ್ಟಿಯಲ್ಲಿದೆ.

ಪಾಪುವಾ ನ್ಯೂಗಿನಿಯಲ್ಲಿ ನೆಲದ ಬಹುಪಾಲು ಸರ್ಕಾರದ್ದಲ್ಲ. ವಂಶಪಾರಂಪರ್ಯವಾಗಿ ಊರಿನ ಕುಲಗಳದ್ದು. ಆದ್ದರಿಂದ ಕಾಡು ಉಳಿಯಬೇಕಾದರೆ ಬೇಟೆಗಾರರೇ ಮನಸ್ಸು ಮಾಡಬೇಕು. 1996ರಲ್ಲಿ ಲೀಸಾ ಡಾಬೆಕ್ ಎಂಬ ವಿಜ್ಞಾನಿ ಅಲ್ಲಿ ಸಂರಕ್ಷಣಾ ಕಾರ್ಯಕ್ರಮ ಆರಂಭಿಸಿದರು. ಊರ ಬೇಟೆಗಾರರ ಜೊತೆ ಕುಳಿತು, ಕಾಡಿನ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಅಲ್ಲಿ ಹುಟ್ಟಿ ಬೆಳೆದ ಪ್ರಾಣಿಗಳು ಸುತ್ತಲಿನ ಕಾಡಿಗೂ ಹರಡುತ್ತವೆ ಎಂಬ ವಿಚಾರವನ್ನು ಚರ್ಚಿಸಲಾಯಿತು. ಒಂದೊಂದೇ ಊರು ತನ್ನ ನೆಲದ ಒಂದು ಪಾಲನ್ನು ಬಿಟ್ಟುಕೊಟ್ಟಿತು. 2009ರಲ್ಲಿ ಯೋಪ್ನೊ, ಉರುವಾ, ಸೋಮ್ ಎಂಬ ಮೂರು ನದಿಗಳ ಕಣಿವೆಗಳಲ್ಲಿ 75,000 ಹೆಕ್ಟೇರಿಗಿಂತ ಹೆಚ್ಚಿನ ಪ್ರದೇಶ ಕಾನೂನಿನ ರಕ್ಷಣೆ ಪಡೆಯಿತು. ಅಲ್ಲಿನ ರೈತರು ಬೆಳೆದ ಕಾಫಿಗೂ ದೂರದ ಸಿಯಾಟಲ್ ನಗರದಲ್ಲಿ ಮಾರುಕಟ್ಟೆ ದೊರೆಯಿತು.

ಅಧ್ಯಯನಕ್ಕಾಗಿ ಕಾಂಗರೂವನ್ನು ಹಿಡಿಯಬೇಕಾದಾಗ ಇದೇ ಊರುಗಳ ಜನ ಮರ ಹತ್ತುತ್ತಾರೆ. ಹೆದರಿ ಕೆಳಗೆ ಹಾರಿದ ಪ್ರಾಣಿಯನ್ನು ಬಾಲ ಹಿಡಿದು ಗೋಣಿಚೀಲಕ್ಕೆ ಹಾಕುತ್ತಾರೆ. ಹಿಂದೆ ಇಂಥ ಪ್ರಾಣಿ ಅಡುಗೆ ಒಲೆಗೆ ಹೋಗುತ್ತಿತ್ತು. ಈಗ ಅದನ್ನು ತೂಗಿ, ಅಳೆದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಮತ್ತೆ ಅದೇ ಕಾಡಿಗೆ ಬಿಡುತ್ತಾರೆ.