‘ನನಗೆ ಕಂಠವಿಲ್ಲ’ ಎನ್ನುವುದು ಎಷ್ಟು ನಿಜ?

ಒಂದು ಹಾಡು ಹೇಳಿ ಎಂದರೆ ನಮ್ಮಲ್ಲಿ ಹಲವರು ‘ನನಗೆ ಕಂಠವಿಲ್ಲ’ ಎಂದು ಹಿಂದೆ ಸರಿಯುತ್ತಾರೆ. ಆದರೆ ಸ್ವರಗಳ ಏರಿಳಿತವನ್ನೇ ಗುರುತಿಸಲಾಗದ ಹುಟ್ಟು ತೊಂದರೆ (ಅಮ್ಯೂಸಿಯಾ) ಇರುವುದು ನೂರಕ್ಕೆ ಸುಮಾರು 1.5 ಮಂದಿಯಲ್ಲಿ ಮಾತ್ರ ಎಂದು 2017ರ ಅಧ್ಯಯನವೊಂದು ಅಂದಾಜಿಸಿದೆ. ಉಳಿದವರ ಅಪಸ್ವರಕ್ಕೆ ಹೆಚ್ಚಾಗಿ ಕಾರಣ ಕಿವಿಯಲ್ಲ. ಕೇಳಿದ ಸ್ವರಕ್ಕೆ ಗಂಟಲನ್ನು ಹೊಂದಿಸುವ ರೂಢಿ ಇಲ್ಲದಿರುವುದು. ಅದು ಅಭ್ಯಾಸದಿಂದ ಸುಧಾರಿಸುತ್ತದೆ.

1877ರಲ್ಲಿ ಎಡಿಸನ್ ಫೋನೋಗ್ರಾಫ್ ರೂಪಿಸುವ ಮುನ್ನ, ಹಾಡು ಕೇಳಬೇಕೆಂದರೆ ಯಾರಾದರೂ ಎದುರಿಗೇ ಹಾಡಬೇಕಿತ್ತು. ರಾಗಿ ಬೀಸುವಾಗ, ನಾಟಿ ಮಾಡುವಾಗ ನಮ್ಮ ಹೆಂಗಸರು ಹಾಡಿದ್ದು ಚಪ್ಪಾಳೆಗಲ್ಲ, ದಣಿವು ಮರೆಯಲು. ಧ್ವನಿಮುದ್ರಣ ಬಂದ ಮೇಲೆ ನಮ್ಮ ದನಿಯನ್ನು ಹೆಸರಾಂತ ಗಾಯಕರ ದನಿಯೊಡನೆ ತೂಗತೊಡಗಿದೆವು. ಒಗ್ಗರಣೆ ಹಾಕುತ್ತಾ ಗುನುಗಲು ಆ ತಕ್ಕಡಿ ಬೇಕಿಲ್ಲ.