ಕೂಲಿ ಕೊಟ್ಟ ಮಾತ್ರಕ್ಕೆ ಗೀತೆ ನಿಮ್ಮದಾಗದು

ಹಾಡಿಗೆ ಹಣ ತೆತ್ತವನೇ ಹಾಡಿನ ಒಡೆಯ, ಕೂಲಿ ಸಂದ ಮೇಲೆ ರಚಿಸಿದವನಿಗೆ ಕೇಳುವ ಬಾಯಿಲ್ಲ ಎಂಬ ವಾದವನ್ನು ಈ ಮದರಾಸು, ಅಮೆರಿಕದಲ್ಲಿ ಕಾರ್ಯಕ್ರಮ ನೀಡುತ್ತಿದ್ದ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ, ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ಹಾಡಕೂಡದೆಂಬ ಸಂಗೀತ ನಿರ್ದೇಶಕ ಇಳಯರಾಜರ ವಕೀಲರ ನೋಟೀಸು ತಲುಪಿದ 2017ರ ಮಾರ್ಚಿನಲ್ಲಿ ಎಷ್ಟು ಗಟ್ಟಿಯಾಗಿ ಕೂಗಿತೋ, ಇಂದಿಗೂ ಅಷ್ಟೇ ಗಟ್ಟಿಯಾಗಿ ಕೂಗುತ್ತಿದೆ. ಸ್ವರ ಸಂಯೋಜಿಸಿದವನನ್ನು ಲೋಭಿಯೆಂದು ಜರೆದ ಮಹನೀಯರು ಕೃತಿಸ್ವಾಮ್ಯ ಶಾಸನದ ಪುಟವನ್ನು ತೆರೆದು ನೋಡಿದಂತೆ ಕಾಣಲಿಲ್ಲ.

ಚಲನಚಿತ್ರಕ್ಕಾಗಿ ಪ್ರತಿಫಲ ಪಡೆದು ರಚಿಸಿದ ಸಾಹಿತ್ಯಕ್ಕೂ ಸಂಗೀತಕ್ಕೂ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ನಿರ್ಮಾಪಕನೇ ಪ್ರಥಮ ಸ್ವಾಮಿಯೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದೊಂದನ್ನುಳಿದು ಮಿಕ್ಕ ಬಳಕೆಗಳಲ್ಲಿ ಕವಿಗೂ ಸಂಗೀತಕಾರನಿಗೂ ರಾಯಲ್ಟಿಯ ಸಮಪಾಲು ಸಲ್ಲತಕ್ಕದ್ದು, ಅದನ್ನು ಅವರು ಬಿಟ್ಟುಕೊಟ್ಟೆವೆಂದು ಬರೆದುಕೊಟ್ಟರೂ ಸಿಂಧುವಲ್ಲ ಎಂದು ಶಾಸನಕ್ಕೆ ತಿದ್ದುಪಡಿ ತಂದು ಸಂಸತ್ತು ವಿಧಿಸಿದ್ದು 2012ರಲ್ಲಿ. ನಡುವೆ ಕಳೆದದ್ದು 35 ವರ್ಷ. ಆ 35 ವರ್ಷಗಳೊಳಗೆ, ಒಂದೇ 1993ರಲ್ಲಿ, ಗೀತರಚನಕಾರ ಚಿ. ಉದಯಶಂಕರರೂ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರೂ ಕಣ್ಮುಚ್ಚಿದರು. ಕೃತಿಸ್ವಾಮ್ಯದ ಅವಧಿ ಕರ್ತೃವಿನ ಮರಣಾನಂತರ 60 ವರ್ಷವಾದುದರಿಂದ ಉದಯಶಂಕರರ ಗೀತೆಗಳ ಹಕ್ಕು 2053ರ ಕೊನೆಯವರೆಗೆ ಜೀವಂತವಾಗಿರುತ್ತದೆ. ಅವಧಿಯನ್ನು ಅಳೆಯುವುದು ಕವಿಯ ಆಯುಸ್ಸಿನಿಂದ, ಫಲವನ್ನುಣ್ಣುವುದು ಅನ್ಯರು. ಇದನ್ನು ನ್ಯಾಯವೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಒಡೆಯರ ಹಕ್ಕಿಗೆ ಚ್ಯುತಿ ಬಂದಾಗಲಾದರೋ ನ್ಯಾಯ ಓಡೋಡಿ ಬರುತ್ತದೆ. ಕೆಜಿಎಫ್ ಚಿತ್ರದ ಸಂಗೀತವನ್ನು ಭಾರತ ಜೋಡೋ ಯಾತ್ರೆಯ ದೃಶ್ಯಗಳಿಗೆ ಬಳಸಿದರೆಂದು ಧ್ವನಿಮುದ್ರಣ ಸಂಸ್ಥೆಯೊಂದು ದೂರಿತ್ತ ಕೆಲವೇ ದಿನಗಳಲ್ಲಿ, 2022ರ ನವೆಂಬರ್ 7ರಂದು, ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯುವಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಆಜ್ಞಾಪಿಸಿತು. ಮರುದಿನವೇ ಹೈಕೋರ್ಟು ಷರತ್ತಿನ ಮೇಲೆ ಅದನ್ನು ತೆಗೆದುಹಾಕಿತೆನ್ನಿ. ಆದರೂ ಒಡೆಯನಿಗೆ ಕೆಲವು ದಿನ, ಕವಿಗೆ 35 ವರ್ಷ!

ಜಮೈಕಾದ ರೆಗ್ಗೆ ಸಂಗೀತದ ಕಥೆಯೂ ಇದೇ. ಕಿಂಗ್‌ಸ್ಟನ್ನಿನ ಧ್ವನಿಮುದ್ರಣಾಲಯಗಳಲ್ಲಿ ಗಾಯಕನ ಕೈಗೆ ಒಂದಿಷ್ಟು ಕಾಸು ತುರುಕಿ ಹಾಡನ್ನು ಶಾಶ್ವತವಾಗಿ ತಮ್ಮದಾಗಿಸಿಕೊಳ್ಳುವುದೇ ಪದ್ಧತಿಯಾಗಿದ್ದಿತು. ಆ ದೇಶಕ್ಕೆ ತನ್ನದೇ ಆದ ಆಧುನಿಕ ಕೃತಿಸ್ವಾಮ್ಯ ಶಾಸನ ದೊರೆತದ್ದು 1993ರಲ್ಲಿ. ಬಾಬ್ ಮಾರ್ಲಿಯಂತಹವನೂ ಹಳೆಯ ಪ್ರಕಾಶನ ಕರಾರಿನ ಹಿಡಿತ ತಪ್ಪಿಸಿಕೊಳ್ಳಲು ತನ್ನ ಕೆಲವು ಗೀತೆಗಳನ್ನು ಗೆಳೆಯರ ಹೆಸರಿಗೆ ಬರೆಸಿದನೆಂಬ ವಿವಾದ, ಅವನು ತೀರಿ 33 ವರ್ಷವಾದ ಮೇಲೆ, 2014ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ಆದುದರಿಂದಲೇ, ಮದರಾಸಿನ ನಮ್ಮ ಕ್ರೋಂಪೇಟೆಯಂತಹ ಉಪನಗರದ ಒಂಟಿ ಕೋಣೆಯಲ್ಲಿ ಕಂಪ್ಯೂಟರಿಟ್ಟು ರೆಗ್ಗೆಯ ಪುಟ್ಟ ಸ್ವತಂತ್ರ ಧ್ವನಿಮುದ್ರಣ ಸಂಸ್ಥೆ ಕಟ್ಟಹೊರಟ ತರುಣರಿಗೆ ನಾನು ಹೇಳುವುದು ಇದು: ಧ್ವನಿಮುದ್ರಿಕೆಯೇ ಬೇರೆ ಸ್ವತ್ತು, ಅದರೊಳಗಿನ ಪದ ಮತ್ತು ರಾಗಸಂಯೋಜನೆಯೇ ಬೇರೆ ಸ್ವತ್ತು; ಮೊದಲನೆಯದು ನಿಮ್ಮದಾಗಿರಲಿ, ಎರಡನೆಯದರಲ್ಲಿ ಯಾರ ಪಾಲು ಎಷ್ಟೆಂಬುದನ್ನು ಧ್ವನಿಮುದ್ರಣದ ದಿನವೇ ಕಾಗದದಲ್ಲಿ ಬರೆದು ಎಲ್ಲರ ರುಜು ಹಾಕಿಸಿ, ಕರ್ತೃಗಳನ್ನು ಕವಿಗಳ, ಸಂಗೀತಕಾರರ ರಾಯಲ್ಟಿ ಸಂಗ್ರಹಿಸುವ ಐ.ಪಿ.ಆರ್.ಎಸ್. ಸಂಘದ ಸದಸ್ಯರನ್ನಾಗಿ ಮಾಡಿಸಿರಿ. ಇಷ್ಟನ್ನು ಒಂಟಿ ಕೋಣೆಯವರು ಮಾಡಬಲ್ಲರಾದರೆ ಕೋಟಿಗಳ ಒಡೆಯರಿಗೆ ಏನಡ್ಡಿ?

ಕನ್ನಡಿಗರಾದ ನಮ್ಮ ಪಾಡಂತೂ ಇನ್ನೂ ಶೋಚನೀಯ. ನಮ್ಮ ಚಿತ್ರಗೀತೆಗಳು ದಶಕಗಳ ಕಾಲ ಮದರಾಸಿನ ಈ ಕೋಡಂಬಾಕದಲ್ಲಿ ಹುಟ್ಟಿ, ಕಲ್ಕತ್ತೆಯ ದಮ್‌ದಮ್‌ನಲ್ಲಿ ಕಾರ್ಖಾನೆ ಹೊಂದಿದ್ದ ಗ್ರಾಮೋಫೋನ್ ಕಂಪನಿಯ ತಟ್ಟೆಗಳಲ್ಲಿ ನಾಡಿಗೆ ಮರಳಿದವು. ಪಿಟೀಲು ನುಡಿಸಿದವರಾರು, ತಬಲಾ ಬಾರಿಸಿದವರಾರು ಎಂಬುದನ್ನು ಆ ತಟ್ಟೆಗಳ ಮೇಲೆ ಅಚ್ಚುಹಾಕಿದವರು ವಿರಳ. ಆದುದರಿಂದ ಕನ್ನಡ ಚಿತ್ರಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ನೀಡುವ ಕರ್ನಾಟಕ ಸರಕಾರವು, ಗೀತರಚನಕಾರನೊಡನೆಯೂ ಸಂಗೀತ ನಿರ್ದೇಶಕನೊಡನೆಯೂ 2012ರ ತಿದ್ದುಪಡಿಗೆ ಅನುಗುಣವಾಗಿ ಮಾಡಿಕೊಂಡ ಕರಾರಿನ ಪ್ರತಿಯನ್ನು ಲಗತ್ತಿಸದ ನಿರ್ಮಾಪಕನ ಅರ್ಜಿಯನ್ನು ಇನ್ನುಮುಂದೆ ಸ್ವೀಕರಿಸಕೂಡದು.