‘ಬಂದ ಹುಡುಗ’ನ ಪರವಾಗಿ

ನಮ್ಮ ಸ್ಟಾಫ್ ರೂಮಿನ ಕಿಟಕಿಯ ಮೇಲೆ ಒಂದು ಖಾಲಿ ಬಿಸ್ಕತ್ತಿನ ಡಬ್ಬವಿದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಅದಕ್ಕೆ ಒಂದು ರೂಪಾಯಿ ದಂಡ ಹಾಕಬೇಕು. ಮಕ್ಕಳಷ್ಟೇ ಅಲ್ಲ, ಮೇಷ್ಟರುಗಳೂ ಹಾಕಬೇಕು. ಈ ಡಬ್ಬದ ಮೇಲೆ ನನಗೆ ತೀರದ ಸಿಟ್ಟು. ಭಾಷಾಭಿಮಾನದ ಸಿಟ್ಟಲ್ಲ ಇದು. ಇಂಗ್ಲಿಷ್ ಕಲಿಸುವವಳ ಸಿಟ್ಟು.

ಹೋದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ದ ಬುಕ್ ವಿಚ್ ಐ ಬಾಟ್ ಇಟ್ ಈಸ್ ಲಾಸ್ಟ್’ ಎಂದು ಬರೆದಿದ್ದಳು. ತರಗತಿ ನೋಡಲು ಬಂದಿದ್ದವರೊಬ್ಬರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ನಕ್ಕರು. ಮಕ್ಕಳೂ ನಕ್ಕರು. ಅಂದಿನಿಂದ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಅವಳ ತಾಯಿ ಬಂದು, ‘ಇವಳ ತಲೆಗೆ ಹತ್ತಲ್ಲ ಮೇಡಂ, ಕನ್ನಡ ಮೀಡಿಯಂಗೆ ಹಾಕಿದ್ದು ನಮ್ಮದೇ ತಪ್ಪು’ ಎಂದರು.

ಆ ‘ಇಟ್’ ಎಲ್ಲಿಂದ ಬಂತು? ಕನ್ನಡದಿಂದ ಬಂತು ಎನ್ನುವವರು ಒಮ್ಮೆ ಕನ್ನಡದಲ್ಲಿ ಹೇಳಿ ನೋಡಲಿ. ‘ನಾನು ಅದನ್ನು ಕೊಂಡ ಪುಸ್ತಕ ಕಳೆದುಹೋಯಿತು’ ಎಂದು ಯಾವ ಮಗುವಾದರೂ ಹೇಳೀತೆ? ‘ನಾನು ಕೊಂಡ ಪುಸ್ತಕ’ ಎಂದೇ ಹೇಳುತ್ತದೆ. ಆ ‘ಇಟ್’ ಬಂದದ್ದು ನಾವೇ ಕೊಟ್ಟ ಅಭ್ಯಾಸದಿಂದ. ‘ಪುಸ್ತಕ ಕಳೆದುಹೋಯಿತು. ನಾನು ಅದನ್ನು ಕೊಂಡಿದ್ದೆ. ಈ ಎರಡು ವಾಕ್ಯಗಳನ್ನು ವಿಚ್ ಬಳಸಿ ಕೂಡಿಸಿ’ ಎಂದು ಬರೆಸುತ್ತೇವೆ. ಮಗು ವಿಧೇಯವಾಗಿ ಕೂಡಿಸುತ್ತದೆ. ರೆನ್ ಅಂಡ್ ಮಾರ್ಟಿನ್ ಕಾಲದಿಂದ ಬಂದ ಈ ಕೂಡಿಸುವ ಆಟ ಇನ್ನೂ ನಿಂತಿಲ್ಲ. ನಾನೂ ವರ್ಷಗಟ್ಟಲೆ ಅಂಥ ‘ಇಟ್’ಗಳಿಗೆ ಕೆಂಪು ಗೀಟು ಎಳೆದಿದ್ದೇನೆ, ಕಾರಣ ಕೇಳದೆ.

ಓಡುವ, ಓಡಿದ, ಓಡದ ಎಂಬ ಕೃದಂತಗಳನ್ನು ಕನ್ನಡ ಪೀರಿಯಡ್ಡಿನಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷಿನ ರಿಲೇಟಿವ್ ಕ್ಲಾಸ್ ಮಾಡುವ ಕೆಲಸವನ್ನೇ ಇವು ಮಾಡುತ್ತವೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ‘ನಿನ್ನೆ ಬಂದ ಹುಡುಗ’ದಲ್ಲಿ ವಿವರ ಮುಂದೆ, ಹುಡುಗ ಹಿಂದೆ. ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ಯಲ್ಲಿ ಹುಡುಗ ಮುಂದೆ, ವಿವರ ಹಿಂದೆ. ಇಷ್ಟು ಹೇಳದೆ ‘ಹೂ ಅಂದರೆ ಯಾರು’ ಎಂದು ಬರೆಸಿದರೆ, ಮಗು ‘ಹುಡುಗ ಯಾರು ನಿನ್ನೆ ಬಂದ’ ಎಂದು ಓದಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತದೆ. (‘ಹೂ’ ಎಂದೊಡನೆ ಹಿಂದಿನ ಬೆಂಚಿನವರು ಮಲ್ಲಿಗೆಯೋ ಸೇವಂತಿಗೆಯೋ ಎಂದು ಪಿಸುಗುಟ್ಟುವುದು ಬೇರೆ!)

ನಿಜವಾದ ಕಷ್ಟ ಇನ್ನೊಂದು ಕಡೆ ಇದೆ. ನೀವು ಅಡಿಗೆಮನೆಯಲ್ಲಿ ‘ನಾನು ಹೆಚ್ಚಿದ ಬದನೆಕಾಯಿ’ ಎನ್ನುತ್ತೀರಿ, ‘ನಾನು ಹೆಚ್ಚಿದ ಈಳಿಗೆ’ ಎಂದೂ ಅನ್ನುತ್ತೀರಿ. ಹೆಚ್ಚಿಸಿಕೊಂಡದ್ದು ಬದನೆಕಾಯಿ, ಈಳಿಗೆಯಲ್ಲ ಎಂದು ಯಾರೂ ವಿವರಿಸಬೇಕಿಲ್ಲ. ‘ಅಜ್ಜಿ ಮಲಗಿದ ಕೋಣೆ’, ‘ಹಾಲು ತಂದ ಚೊಂಬು’ ಎಲ್ಲವೂ ಹೀಗೆಯೇ. ಕನ್ನಡ ವಿಭಕ್ತಿಯನ್ನು ನುಂಗಿಕೊಳ್ಳುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ಈಳಿಗೆಗೆ ‘ವಿತ್’ ಬೇಕು, ಕೋಣೆಗೆ ‘ಇನ್’ ಬೇಕು. ನಮ್ಮ ಮಕ್ಕಳು ಎಡವುವುದು ಇಲ್ಲಿ. ಇದನ್ನು ಕನ್ನಡದಲ್ಲಿ ಐದು ನಿಮಿಷ ತೋರಿಸಬಹುದು. ಇಂಗ್ಲಿಷಿನಲ್ಲೇ ತೋರಿಸುತ್ತೇನೆಂದು ಹೊರಟರೆ ವಾರ ಸಾಲದು.

ಹಾಗೆಂದು ಎಲ್ಲಕ್ಕೂ ಕನ್ನಡ ಒದಗುವುದಿಲ್ಲ. ‘ಮೈಸೂರಿನಲ್ಲಿರುವ ನನ್ನ ತಮ್ಮ’ ಎಂದರೆ ಇರುವವನು ಒಬ್ಬನೇ ತಮ್ಮನೋ, ಹಲವರಲ್ಲಿ ಒಬ್ಬನೋ? ಇಂಗ್ಲಿಷ್ ಬರಹ ಅದನ್ನು ಒಂದು ಜೊತೆ ಕಾಮಾದಲ್ಲಿ ಹೇಳಿಬಿಡುತ್ತದೆ. ಆ ಕಾಮಾವನ್ನು ಹೊಸದಾಗಿಯೇ ಕಲಿಸಬೇಕು. ಇನ್ನು ‘ದಟ್’ ಬರೆಯಬೇಕೋ ‘ವಿಚ್’ ಬರೆಯಬೇಕೋ ಎಂದು ಅಂಕ ಕಳೆಯುವವರಿಗೆ ಒಂದು ಮಾತು: ಇವೆರಡನ್ನು ಬೇರೆಬೇರೆ ಇಡೋಣ ಎಂದು 1926ರಲ್ಲಿ ಫೌಲರ್ ಸೂಚಿಸಿದರೂ ಇಂಗ್ಲಿಷರೇ ಅದನ್ನು ಪೂರ್ತಿ ಪಾಲಿಸಿಲ್ಲ. ‘ದ ಬುಕ್ ಐ ಬಾಟ್’ ಎಂದು ಎರಡನ್ನೂ ಬಿಟ್ಟು ಬರೆದ ಮಗುವಿಗೂ ಸೊನ್ನೆ ಕೊಡುವವರನ್ನು ಕಂಡಿದ್ದೇನೆ. ಅದು ಅಪ್ಪಟ ಇಂಗ್ಲಿಷ್!

ಈಗ ನಾನು ಬೋರ್ಡಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತೇನೆ. ಮೊನ್ನೆ ‘ನಾನು ಹೆಚ್ಚಿದ ಈಳಿಗೆ’ ಬರೆದು ಸುಮ್ಮನೆ ನಿಂತೆ. ಆ ಹುಡುಗಿ ಕೈ ಎತ್ತಲಿಲ್ಲ. ಕೂತಲ್ಲಿಂದಲೇ ಮೆಲ್ಲಗೆ ‘ವಿತ್ ವಿಚ್’ ಎಂದಳು. ಪೀರಿಯಡ್ ಮುಗಿದ ಮೇಲೆ ಹೋಗಿ ಡಬ್ಬಕ್ಕೆ ಹತ್ತು ರೂಪಾಯಿ ಹಾಕಿ ಬಂದೆ. ಒಂದು ಆ ದಿನದ್ದು, ಉಳಿದ ಒಂಬತ್ತು ಮುಂಗಡ.